ಡಿಂಗನ ಬೆನ್ನು

ಕಲಬುರಗಿಯಿಂದ ಬೀದರಿನ ಕಡೆ ಹೊರಟ ರೈಲು ಕಮಲಾಪುರ ದಾಟುತ್ತಿದ್ದಂತೆ ನೆಲ ಮೆಲ್ಲಗೆ ಏರತೊಡಗುತ್ತದೆ. ಕರಿಮಣ್ಣಿನ ತೊಗರಿ ಹೊಲಗಳ ನಡುನಡುವೆ ಕೆಂಪು ಮಣ್ಣು ಇಣುಕುತ್ತದೆ. ಮರಗುತ್ತಿಯ ಹತ್ತಿರ ಗುಡ್ಡದೊಳಗಿನ ಸುರಂಗವನ್ನು ಹೊಕ್ಕು ಹೊರಬಂದರೆ ಹುಮನಾಬಾದಿನ ಬಯಲು. ಈ ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರ ಅಕ್ಟೋಬರ್ 29ರಂದು. ಅಲ್ಲಿಯತನಕ ಕಲಬುರಗಿ ಕಡೆಯವರಿಗೆ ಹುಮನಾಬಾದ್ ಬಸ್ಸಿನ ಊರು. ಪುಣೆ-ಹೈದರಾಬಾದ್ ಹೆದ್ದಾರಿಯನ್ನು ಕಲಬುರಗಿ-ಬೀದರ್ ರಸ್ತೆ ಕತ್ತರಿಸುವ ಕೂಡುದಾರಿಯಲ್ಲಿ ಲಾರಿಗಳೂ ಬಸ್ಸುಗಳೂ ಹಗಲು ರಾತ್ರಿಯೆನ್ನದೆ ನಿಂತು ಹೋಗುತ್ತಿದ್ದವು. ಈ ಬರಹದ ಗೊಂಬೆಗೂ ಆ ಬಸ್ಸುಗಳಿಗೂ ಸಂಬಂಧವಿದೆ.

ನಾನು ಹೊರಟಿದ್ದು ಜಲಸಂಗಿಯ ಗುಡಿ ನೋಡಲು, ಅಲ್ಲಿಂದ ಮುಂದೆ ಬಸವಕಲ್ಯಾಣಕ್ಕೆ. ಎಳ್ಳ ಅಮಾವಾಸ್ಯೆಯ ಕಾಲ. ಬೀದರ್ ಸೀಮೆಯಲ್ಲಿ ಈ ಹಬ್ಬಕ್ಕೆ ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಹಸಿ ಕಾಳು, ಸೊಪ್ಪು, ತರಕಾರಿಗಳೆಲ್ಲ ಕೂಡಿದ ಭಜ್ಜಿ, ಮಡಕೆಯಲ್ಲಿ ಅಂಬಲಿ, ಸಜ್ಜೆ ರೊಟ್ಟಿ. ಹುಮನಾಬಾದಿನ ಗೆಳೆಯನ ಹೊಲದಲ್ಲಿ ಚರಗ ಚೆಲ್ಲಿ, ಜೋಳದ ದಂಟಿನ ಕೆಳಗೆ ಕೂತು ಉಂಡು, ಸಂಜೆ ಅವರ ಮನೆ ಸೇರಿದೆವು. ಹೊತ್ತು ಮುಳುಗಿದರೆ ಅಲ್ಲಿ ಚಳಿ ಕಚ್ಚುತ್ತದೆ. ಅತಿಥಿಗೆ ಹಾಸಲು ಹೊದೆಯಲು ಕೊಡಬೇಕೆಂದು ಗೆಳೆಯನ ಅಕ್ಕ ಅಟ್ಟದಿಂದ ಕೌದಿಗಳ ಗಂಟನ್ನು ಇಳಿಸಿ ಬಿಚ್ಚಿದರು. ಮೇಲಿನ ಕೌದಿಯ ಮಡಿಕೆಯೊಳಗಿಂದ ಒಂದು ಇಲಿ ನೆಲಕ್ಕೆ ಬಿತ್ತು.

ಬಟ್ಟೆಯ ಇಲಿ. ಮೊಳಕ್ಕೆ ತುಸು ಕಡಿಮೆ ಎತ್ತರ, ಎರಡು ಕಾಲ ಮೇಲೆ ನಿಲ್ಲುವಂತೆ ಹೊಲಿದದ್ದು. ದುಂಡು ಕಿವಿ, ಚೂಪು ಮೂತಿ, ಸೊಂಟದ ಮೇಲೆ ಎರಡೂ ಮುಷ್ಟಿ, ಹೆಗಲ ಹಿಂದೆ ಒಂದು ಮೇಲುವಸ್ತ್ರ. ಬಣ್ಣ ಮಾಸಿತ್ತು, ಒಂದು ಕಿವಿ ಹರಿದಿತ್ತು. ಆದರೂ ಎಂಬತ್ತು ತೊಂಬತ್ತರ ದಶಕದಲ್ಲಿ ಕನ್ನಡ ಓದಲು ಕಲಿತ ಯಾರನ್ನು ಬೇಕಾದರೂ ಕರೆದು ತೋರಿಸಿ, ಹೆಸರು ಹೇಳಿಯಾರು. ಡಿಂಗ!

ಡಿಂಗ ಹುಟ್ಟಿದ್ದು ಕೇರಳದಲ್ಲಿ. 1983ರಲ್ಲಿ ಮಲಯಾಳಂನ ‘ಬಾಲಮಂಗಳಂ’ ಪತ್ರಿಕೆಗಾಗಿ ಎನ್. ಸೋಮಶೇಖರನ್ ಕಥೆ ಬರೆದರು, ಬೇಬಿ ಎಂಬ ಕಲಾವಿದರು ಚಿತ್ರ ಬರೆದರು. ಅಲ್ಲಿ ಅವನ ಹೆಸರು ಡಿಂಕನ್. ಕಾಡಿನಲ್ಲಿ ಕಿತಾಪತಿ ಮಾಡಿಕೊಂಡಿದ್ದ ಪುಟ್ಟ ಇಲಿಯನ್ನು ಬೇರೆ ಗ್ರಹದವರು ಎತ್ತಿಕೊಂಡು ಹೋಗಿ ಏನೇನೋ ಪ್ರಯೋಗ ನಡೆಸುತ್ತಾರೆ. ಅಲ್ಲಿಂದ ತಪ್ಪಿಸಿಕೊಂಡು ಬಂದ ಇಲಿಗೆ ಅಪಾರ ಬಲ ಬಂದಿರುತ್ತದೆ. ಆಮೇಲೆ ಕಾಡಿನ ಯಾವ ಪ್ರಾಣಿಗೆ ಕಷ್ಟ ಬಂದರೂ ಡಿಂಗ ಹಾರಿ ಬರುತ್ತಾನೆ. ಕನ್ನಡದ ‘ಬಾಲಮಂಗಳ’ದಲ್ಲಿ ಅವನು ನಮ್ಮವನೇ ಆದ, ಕೇರಳದವನೆಂಬುದು ಎಷ್ಟೋ ಮಕ್ಕಳಿಗೆ ತಿಳಿದಿರಲೂ ಇಲ್ಲ. ಮಕ್ಕಳ ಲೋಕದಲ್ಲಿ ಇದು ಹೊಸದಲ್ಲ. ‘ಚಂದಮಾಮ’ ಮದರಾಸಿನಿಂದ ಬಂದು ನಮ್ಮ ಮನೆಯ ಪತ್ರಿಕೆಯಾಗಿತ್ತು. ಅಮರ ಚಿತ್ರಕಥೆಯ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿ ಇಡೀ ದೇಶದ ಮಕ್ಕಳಿಗೆ ‘ಅಂಕಲ್ ಪೈ’ ಆಗಿದ್ದರು.

“ಇದು ಯಾರದು?” ಎಂದು ಕೇಳುವ ಮೊದಲೇ ಗೆಳೆಯ ಅದನ್ನು ನನ್ನ ಕೈಯಿಂದ ತೆಗೆದುಕೊಂಡಿದ್ದ. “ಅವ್ವಾ, ಇಷ್ಟ್ ದಿನ ಇದು ಇಲ್ಲೇ ಇತ್ತೇನ?” ಎಂದು ಒಳಗೆ ಕೂಗಿದ.

ಅವನ ತಾಯಿಯನ್ನು ಮನೆಯವರೂ ಓಣಿಯವರೂ ಆಯಿ ಎಂದೇ ಕರೆಯುತ್ತಾರೆ. ಎಂಬತ್ತರ ಹತ್ತಿರದ ವಯಸ್ಸು. ಹೊರಬಂದು, ಗೊಂಬೆಯನ್ನು ತಿರುವಿ ನೋಡಿ, ಹರಿದ ಕಿವಿಯನ್ನು ಹೆಬ್ಬೆರಳಿನಿಂದ ಒತ್ತಿ, “ಕೌದಿ ಒಳಗ ಇಟ್ರ ನುಸಿ ಹತ್ತೂದಿಲ್ಲಂತ ಇಟ್ಟಿದ್ದೆ” ಎಂದರು. ನನ್ನ ಕಡೆ ನೋಡಿ, “ಕುಂದರ್ರಿ ತಮ್ಮಾ, ಚಹಾ ಕುಡೀರಿ. ಅದೇನು ದೊಡ್ಡ ಸುದ್ದಿ ಅಲ್ಲ” ಎಂದರು. ನನಗೆ ಅದು ದೊಡ್ಡ ಸುದ್ದಿಯೇ ಆಗಿತ್ತು. ನಡುರಾತ್ರಿಯವರೆಗೂ ಕೇಳುತ್ತ ಕೂತೆ.

ಮನೆಯ ಯಜಮಾನರು ಸರಕಾರಿ ಬಸ್ಸಿನ ಕಂಡಕ್ಟರರಾಗಿದ್ದರು, ಈಗಿಲ್ಲ. ಕಲಬುರಗಿಗೆ ಹೋದಾಗ ನಿಲ್ದಾಣದ ಪುಸ್ತಕದಂಗಡಿಯಿಂದ ಮಕ್ಕಳಿಗೆ ಬಾಲಮಂಗಳ ತರುತ್ತಿದ್ದರು. ಕಿರಿಯ ಮಗನಿಗೆ, ಎಂದರೆ ನನ್ನ ಗೆಳೆಯನಿಗೆ, ಡಿಂಗನ ಹುಚ್ಚು. ಜನವರಿಯಲ್ಲಿ ಊರ ವೀರಭದ್ರೇಶ್ವರನ ಜಾತ್ರೆ. ಆಟಿಗೆಯ ಅಂಗಡಿಗಳು ಸಾಲಾಗಿ ಬರುತ್ತವೆ, ಪ್ಲಾಸ್ಟಿಕ್ ಕಾರು, ತುತ್ತೂರಿ, ಬಂದೂಕು, ರಬ್ಬರಿನ ಬೊಂಬೆ. ಹುಡುಗ ಯಾವುದನ್ನೂ ಮುಟ್ಟಲಿಲ್ಲ, ಡಿಂಗ ಬೇಕೆಂದ. ಅಂಗಡಿ ಅಂಗಡಿ ತಿರುಗಿದರೂ ಡಿಂಗ ಇರಲಿಲ್ಲ. ಹುಮನಾಬಾದಿನ ಜಾತ್ರೆಗೆ ಅವನನ್ನು ಮಾಡಿ ತರುವವರು ಯಾರಿದ್ದರು? ಕಾಗದದಿಂದ ಹೊರಗೆ ಅವನಿಗೆ ಇನ್ನೂ ಮೈ ಬಂದಿರಲಿಲ್ಲ.

“ಅತ್ಗೋತ ಬಂದ. ಅವರಪ್ಪ ಬೈದ್ರು. ನಾ ಅಂದೆ, ಅಳಬ್ಯಾಡ, ನಾ ಮಾಡಿ ಕೊಡ್ತೀನಿ ಅಂತ. ಅಂದುಬಿಟ್ಟೆ. ಆಮ್ಯಾಲೆ ಪುಸ್ತಕ ಹಿಡ್ಕೊಂಡು ಕುಂತಾಗ ಗೊತ್ತಾತು. ಮುಂದಿಂದು ಕಾಣ್ತದ, ಬಾಜೂದು ಕಾಣ್ತದ. ಹಿಂದ ಹ್ಯಾಂಗದ ಅಂಬೋದು ಯಾವ ಪುಸ್ತಕದಾಗೂ ಇಲ್ಲ.”

ಆ ಮಾತು ಕೇಳಿದಾಗ ನನ್ನ ಕೈಯ ಚಹಾ ಆರಿತು. ಚಿತ್ರಕಥೆಯ ಪಾತ್ರಕ್ಕೆ ಬೆನ್ನಿಲ್ಲ! ಹಾರುವಾಗ, ಗುದ್ದುವಾಗ, ನಗುವಾಗ ಅವನ ಮುಖ ನಮ್ಮ ಕಡೆಗೇ. ಓದುವ ನಮಗೆ ಅದು ಕೊರತೆಯೆನಿಸುವುದೇ ಇಲ್ಲ. ಸೂಜಿ ಹಿಡಿದವರಿಗೆ ಮಾತ್ರ ಆ ಪ್ರಶ್ನೆ ಎದುರಾಗುತ್ತದೆ. ಬಾಲ ಎಲ್ಲಿಂದ ಹೊರಡಬೇಕು, ಮೇಲುವಸ್ತ್ರದ ಒಳಗಿನಿಂದಲೋ ಹೊರಗಿನಿಂದಲೋ? ಹೊಟ್ಟೆ ಎಷ್ಟು ದಪ್ಪ? ತಲೆ ಭಾರವಾದರೆ ಗೊಂಬೆ ಮುಗ್ಗರಿಸುತ್ತದೆ, ಕಾಲು ಭಾರವಾದರೆ ಹಾರುವವನಂತೆ ಕಾಣುವುದಿಲ್ಲ. ಬರೆದವರು ಬಿಟ್ಟುಹೋದ ಅರ್ಧ ಮೈಯನ್ನು ಹೊಲಿಯುವವರು ತಾವೇ ಕಲ್ಪಿಸಿಕೊಳ್ಳಬೇಕು.

ಇದೇ ಕಷ್ಟ ಹಿಂದೊಮ್ಮೆ ದೂರದ ಕ್ಯಾಲಿಫೋರ್ನಿಯಾದಲ್ಲೂ ಬಂದಿತ್ತು. 1930ರಲ್ಲಿ ಶಾರ್ಲಟ್ ಕ್ಲಾರ್ಕ್ ಎಂಬ ಹೊಲಿಗೆಯ ಹೆಣ್ಣುಮಗಳು ಮಿಕಿ ಮೌಸನ್ನು ಬಟ್ಟೆಯಲ್ಲಿ ಮಾಡಬೇಕೆಂದುಕೊಂಡಳು. ನೋಡಿ ಹೊಲಿಯಲು ಸರಿಯಾದ ಚಿತ್ರವೇ ಕೈಯಲ್ಲಿರಲಿಲ್ಲ. ಅವಳ ಸೋದರಳಿಯ ಬಾಬ್ ಕ್ಲಾಂಪೆಟ್, ಆಗಿನ್ನೂ ಹದಿಹರೆಯದ ಹುಡುಗ, ಚಿತ್ರಮಂದಿರದಲ್ಲಿ ಕೂತು ಪರದೆಯ ಮಿಕಿಯನ್ನು ಗೀಚಿ ತಂದುಕೊಟ್ಟ. ಪರದೆಯ ಮೇಲೆ ಮಿಕಿ ಯಾವ ಕಡೆ ತಿರುಗಿದರೂ ಅವನ ಕಿವಿಗಳು ದುಂಡಗೇ ಕಾಣುತ್ತವೆ. ಬಟ್ಟೆಯ ಕಿವಿಗೆ ಆ ಮಾಯೆ ಸಾಧ್ಯವಿಲ್ಲ, ಅದನ್ನು ಒಂದು ಜಾಗದಲ್ಲಿ ಹೊಲಿದು ನಿಲ್ಲಿಸಲೇಬೇಕು. ಶಾರ್ಲಟಳ ಗೊಂಬೆ ವಾಲ್ಟ್ ಡಿಸ್ನಿಗೆ ಮೆಚ್ಚಿಗೆಯಾಯಿತು. ಬೇಡಿಕೆ ಕೈಹೊಲಿಗೆಗೆ ಮೀರಿದಾಗ, 1932ರಲ್ಲಿ ಮೆಕಾಲ್ಸ್ ಕಂಪನಿ ಆ ಗೊಂಬೆಯ ಕತ್ತರಿಸುವ ನಮೂನೆಯನ್ನು ಅಚ್ಚು ಹಾಕಿ ಮಾರಿತು. ಅಮೆರಿಕದ ತಾಯಂದಿರು ಅದನ್ನಿಟ್ಟುಕೊಂಡು ಮನೆಯಲ್ಲೇ ಮಿಕಿಯನ್ನು ಹೊಲಿದರು. ಹುಮನಾಬಾದಿನ ಆಯಿಗೆ ಇಂಥ ನಮೂನೆ ಎಲ್ಲಿಂದ ಬರಬೇಕು? ಹಳೆಯ ವೃತ್ತಪತ್ರಿಕೆಯನ್ನು ಮಡಚಿ, ಕತ್ತರಿಸಿ, ಮಗನ ಮೈಮೇಲೆ ಹಿಡಿದು ನೋಡಿ ಅಳತೆ ಮಾಡಿಕೊಂಡರಂತೆ.

ಚಿತ್ರದಿಂದ ಗೊಂಬೆ ಹುಟ್ಟುವ ಕತೆ ಅದಕ್ಕಿಂತಲೂ ಹಿಂದಿನದು. 1902ರ ನವೆಂಬರ್ 16ರಂದು ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಕ್ಲಿಫರ್ಡ್ ಬೆರಿಮನ್ ಬರೆದ ವ್ಯಂಗ್ಯಚಿತ್ರದಲ್ಲಿ, ಕಟ್ಟಿಹಾಕಿದ ಕರಡಿಯನ್ನು ಹೊಡೆಯಲು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಒಲ್ಲೆನ್ನುತ್ತಾರೆ. ಅದನ್ನು ಕಂಡು ಬ್ರೂಕ್ಲಿನ್ನಿನ ಮಿಠಾಯಿ ಅಂಗಡಿಯ ಮಿಕ್ಟಮ್ ದಂಪತಿ ಬಟ್ಟೆಯ ಕರಡಿ ಹೊಲಿದು ಗಾಜಿನ ಹಿಂದಿಟ್ಟರು. ಟೆಡ್ಡಿಯೆಂಬ ಹೆಸರು ಬಂದದ್ದು ಆ ಅಧ್ಯಕ್ಷರಿಂದ. ಅದೇ ಹೊತ್ತಿಗೆ ಜರ್ಮನಿಯ ಸ್ಟೈಫ್ ಕಾರ್ಖಾನೆಯೂ ಕರಡಿ ಮಾಡತೊಡಗಿತ್ತು. ಅಲ್ಲಿ ತಯಾರಾದ ಹಳೆಯ ಕರಡಿಯೊಂದು 1994ರಲ್ಲಿ ಲಂಡನ್ನಿನ ಹರಾಜಿನಲ್ಲಿ 1,10,000 ಪೌಂಡಿಗೆ ಹೋಯಿತು. ಆ ಲೆಕ್ಕ ನನ್ನನ್ನು ಹೆಚ್ಚು ಸೆಳೆಯುವುದಿಲ್ಲ. ನಮ್ಮ ದೇಶದ ಕೆ. ಶಂಕರ್ ಪಿಳ್ಳೈ ನನಗೆ ಹತ್ತಿರದವರು. ಜೀವಮಾನವಿಡೀ ಕುಂಚ ಹಿಡಿದು ಗೆರೆ ಎಳೆದ ಆ ವ್ಯಂಗ್ಯಚಿತ್ರಕಾರ 1965ರಲ್ಲಿ ದೆಹಲಿಯಲ್ಲಿ ಗೊಂಬೆಗಳ ವಸ್ತುಸಂಗ್ರಹಾಲಯವನ್ನೇ ತೆರೆದರು. ಗೆರೆಯ ಮನುಷ್ಯನಿಗೆ ಗೊಂಬೆಯ ಮೇಲೆ ಅಷ್ಟು ಪ್ರೀತಿ ಯಾಕೆ ಹುಟ್ಟಿತೆಂಬುದು ಆಯಿಯ ಗೊಂಬೆಯನ್ನು ಕೈಯಲ್ಲಿ ಹಿಡಿದ ಆ ರಾತ್ರಿ ನನಗೆ ತುಸು ಅರ್ಥವಾಯಿತು.

ಆಯಿಯ ಗೊಂಬೆಯನ್ನು ದೀಪದ ಕೆಳಗೆ ಹಿಡಿದು ನೋಡುತ್ತ ಹೋದೆ. ಮೈಗೆ ಹಳೇ ಧೋತರ, ಚಹಾದ ನೀರಿನಲ್ಲಿ ಅದ್ದಿ ಬಣ್ಣ ಕಟ್ಟಿದ್ದು. ಅಂಗಿಗೆ ಅಕ್ಕನ ಹರಿದ ಪರಕಾರ. ಪುಸ್ತಕದ ಬಣ್ಣ ಬೇಕೆಂದು ಹುಡುಗ ಹಟ ಮಾಡಿದನಂತೆ, ಆದರೆ ಚಿಂದಿಯ ಗಂಟಿನಲ್ಲಿ ಇದ್ದದ್ದೇ ಬಣ್ಣ. ಹೊಟ್ಟೆಯೊಳಗೆ ಹತ್ತಿ, ಕಾಲಿನೊಳಗೆ ಭಾರಕ್ಕೆಂದು ಹುಣಸೆಬೀಜ. ಜೋಳವನ್ನೋ ಕುಸುಬೆಯನ್ನೋ ಯಾಕೆ ತುಂಬಲಿಲ್ಲ ಎಂದು ಕೇಳಿದೆ. “ಕಾಳು ತುಂಬಿದ್ರ ಖರೇ ಇಲಿ ಬಿಡ್ತಾವೇನು ತಮ್ಮಾ?” ಎಂದರು.

ಕಣ್ಣುಗಳು ಕನ್ನಡಿ ಚೂರು. ಹೊಲದ ಕಳೆ ತೆಗೆಯಲು ತಾಂಡಾದಿಂದ ಬರುತ್ತಿದ್ದ ಲಂಬಾಣಿ ಹೆಣ್ಣುಮಗಳೊಬ್ಬಳು ಹಳೆಯ ಕಾಂಚಳಿಯಿಂದ ಬಿಡಿಸಿ ಕೊಟ್ಟಳಂತೆ. ಅದನ್ನು ಕೂರಿಸುವ ಹೊಲಿಗೆ ಆಯಿಗೆ ಬಾರದು. ಅವಳೇ ಬದುವಿನ ಮೇಲೆ ಕೂತು, ಸುತ್ತಲೂ ದಾರದ ಬೇಲಿ ಕಟ್ಟಿ ಕೂರಿಸಿದಳು. ಗೊಂಬೆಯನ್ನು ಇಷ್ಟಿಷ್ಟೇ ಆಡಿಸಿದರೆ ಅದರ ನೋಟ ಹೊಳೆದು ಬದಲಾಗುತ್ತದೆ. ಯಾವ ಅಚ್ಚಿನ ಚಿತ್ರಕ್ಕೂ ಅದು ಸಾಧ್ಯವಿಲ್ಲ. ಡಿಂಗನನ್ನು ಆ ಲಂಬಾಣಿ ಹೆಣ್ಣುಮಗಳು ಓದಿದವಳಲ್ಲ. ಅವಳಿಗೆ ಅದು ಕಣ್ಣಿಲ್ಲದ ಒಂದು ಪ್ರಾಣಿ, ಅಷ್ಟೇ, ಕಣ್ಣು ಕೊಟ್ಟಳು.

ಮೇಲುವಸ್ತ್ರದ್ದೇ ದೊಡ್ಡ ಕೆಲಸ. ಪುಸ್ತಕದಲ್ಲಿ ಅದು ಗಾಳಿಗೆ ಹಾರುತ್ತಿರುತ್ತದೆ, ಬಟ್ಟೆ ಜೋತು ಬೀಳುತ್ತದೆ. ಮೊದಲು ಗಂಜಿ ಹಾಕಿ ನೋಡಿದರು, ಮಗ ನೀರಲ್ಲಿ ಅದ್ದಿ ತಂದಾಗ ಮತ್ತೆ ಜೋತಿತು. ಕೊನೆಗೆ ತಮಗೆ ಗೊತ್ತಿದ್ದ ವಿದ್ಯೆಗೇ ಬಂದರು. ಇಳಕಲ್ ಸೀರೆಯ ಸೆರಗಿನ ತುಂಡನ್ನು ಮೂರು ಪದರ ಮಾಡಿ, ಕೌದಿಗೆ ಹಾಕುವಂತೆ ಒತ್ತೊತ್ತಾಗಿ ಸಣ್ಣ ಹೊಲಿಗೆ ಹಾಕಿದರು. ಬಟ್ಟೆ ಹಲಗೆಯಂತೆ ಬಿಗಿದು ತುದಿಯಲ್ಲಿ ಮೇಲಕ್ಕೆದ್ದಿತು. ಇಷ್ಟು ವರ್ಷವಾದರೂ ಅದು ಇನ್ನೂ ಹಾರುತ್ತಲೇ ಇದೆ. ಬೆನ್ನು ಇದರ ಕೆಳಗಿದೆ. ಮೇಲುವಸ್ತ್ರವನ್ನು ಎತ್ತಿದೆ. ಅಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಆಯಿ ಖಾಕಿ ಬಟ್ಟೆ ಹಾಕಿದ್ದರು. ಕಂಡಕ್ಟರರ ಹಳೆಯ ಸಮವಸ್ತ್ರದ್ದು. ಬಾಲವೂ ಅದರದೇ. ಗಟ್ಟಿ ಬಟ್ಟೆಯೆಂದು ಹಾಕಿದ್ದು ಎಂದರು. ಬಾಲಮಂಗಳವನ್ನು ಆ ಮನೆಗೆ ಹೊತ್ತು ತರುತ್ತಿದ್ದ ಅಂಗಿ ಅದು, ನನಗೆ ಬೇರೆ ಕಾರಣ ಬೇಕಾಗಲಿಲ್ಲ.

ಮರುದಿನ ಜಲಸಂಗಿಗೆ ಹೋದೆ. ಕಲ್ಮೇಶ್ವರ ಗುಡಿಯ ಹೊರಗೋಡೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಮದನಿಕೆಯರು ಸಾಲಾಗಿ ನಿಂತಿದ್ದಾರೆ. ಅವರಲ್ಲೊಬ್ಬಳು ಮೈ ತಿರುವಿ ನಿಂತು ಕಲ್ಲಿನ ಮೇಲೆ ಶಾಸನ ಬರೆಯುತ್ತಿದ್ದಾಳೆ, ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು. ಅವಳ ಕೈಯಿಂದ ಹೊರಟ ಅಕ್ಷರಗಳನ್ನು ಇಂದಿಗೂ ಓದಬಹುದು. ಈ ಶಿಲ್ಪದ ಬಗ್ಗೆ ಬಹಳ ಮಂದಿ ಬರೆದಿದ್ದಾರೆ, ನಾನು ಹೆಚ್ಚು ಸೇರಿಸಲಾರೆ. ಆದರೆ ಹಿಂದಿನ ರಾತ್ರಿ ಕಣ್ಣಿನಲ್ಲಿತ್ತಾದ್ದರಿಂದ ಕೆತ್ತಿದವನ ಕಷ್ಟವೇ ಮುಂದೆ ಬಂತು. ಅವಳ ಸೊಂಟ ತಿರುಗಿದೆ, ಭುಜ ತಿರುಗಿದೆ, ಎತ್ತಿದ ಕೈಯ ಭಾರ ಇಡೀ ಮೈಯಲ್ಲಿ ಇಳಿದಿದೆ. ಅವಳ ಒಂದು ಮಗ್ಗುಲು ಗೋಡೆಯೊಳಗೇ ಉಳಿದಿದೆ, ಆದರೂ ಆ ಮಗ್ಗುಲು ಅವನ ಮನಸ್ಸಿನಲ್ಲಿ ಪೂರ್ತಿಯಾಗಿ ಇದ್ದಿರಬೇಕು, ಇಲ್ಲದಿದ್ದರೆ ಕಾಣುವ ಭಾಗ ಹೀಗೆ ನಿಲ್ಲುತ್ತಿರಲಿಲ್ಲ. ಚಾಲುಕ್ಯ ಶಿಲ್ಪಿಯನ್ನೂ ಚಿಂದಿಯ ಇಲಿ ಹೊಲಿದ ಗೃಹಿಣಿಯನ್ನೂ ಒಟ್ಟಿಗೆ ನೆನೆಯುವುದು ಹೆಚ್ಚಾಯಿತು ಎನ್ನುವವರು ಇದ್ದಾರು. ನನಗೆ ಹಾಗೆನಿಸುವುದಿಲ್ಲ. ಕಾಣದ ಮಗ್ಗುಲಿನ ಬಗ್ಗೆ ಇಬ್ಬರೂ ಪಟ್ಟ ಕಾಳಜಿ ಒಂದೇ ಜಾತಿಯದು.

ಬಸವಕಲ್ಯಾಣದಲ್ಲಿ ಕೋಟೆ ನೋಡಿದೆ, ತ್ರಿಪುರಾಂತದ ಕೆರೆಯ ದಂಡೆಯಲ್ಲಿ ನಡೆದೆ, ಹೊಸ ಅನುಭವ ಮಂಟಪ ಏಳುತ್ತಿರುವ ಜಾಗಕ್ಕೂ ಹೋದೆ. 1956ರವರೆಗೆ ಹೈದರಾಬಾದ್ ರಾಜ್ಯದ ‘ಕಲ್ಯಾಣಿ’ಯಾಗಿದ್ದ ಈ ಊರಿಗೆ ಆಮೇಲೆ ಬಸವಣ್ಣನ ಹೆಸರು ಕೂಡಿತು. ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರಿದೆ. ನೂಲುವ ಕಾಯಕದ ಕದಿರ ರೆಮ್ಮವ್ವೆಯ ಹೆಸರಿದೆ. ಸೂಜಿಗೂ ಕದಿರಿಗೂ ಹೆಸರಿನೊಳಗೇ ಜಾಗ ಕೊಟ್ಟ ನೆಲ ಇದು. ಹಾಗಿರುವಾಗ ಇದೇ ನೆಲದಲ್ಲಿ ಮನೆಮನೆಯ ಹೆಂಗಸರು ಸೂಜಿಯಿಂದ ಮಾಡಿದ್ದನ್ನು ನಾವು ಯಾಕೆ ಇಷ್ಟು ಹಗುರವಾಗಿ ಕಳೆದುಕೊಳ್ಳುತ್ತಿದ್ದೇವೆ? ಚನ್ನಪಟ್ಟಣದ ಮರದ ಆಟಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಕಿನ್ನಾಳದ ಗೊಂಬೆಯನ್ನು ಮೇಳದಲ್ಲಿ ಗೌರವದಿಂದ ಇಡುತ್ತಾರೆ. ಇವೆಲ್ಲ ಆಗಲೇಬೇಕಾದದ್ದು. ಆದರೆ ಪತ್ರಿಕೆಯ ಪುಟದಿಂದ ಎದ್ದು ಬಂದ ಬಟ್ಟೆಯ ಗೊಂಬೆ ಜನಪದವೂ ಅಲ್ಲ, ಕರಕುಶಲವೂ ಅಲ್ಲವೆಂದು ಎಲ್ಲರ ಪಟ್ಟಿಯಿಂದ ಜಾರಿದೆ. ಯಾವ ವಸ್ತುಸಂಗ್ರಹಾಲಯದ ಗಾಜಿನ ಹಿಂದೆಯೂ ಕೈಹೊಲಿಗೆಯ ಡಿಂಗನನ್ನು ನಾನು ಕಂಡಿಲ್ಲ. ಚಿಂದಿಯಿಂದ ಹುಟ್ಟಿದ್ದು ಮತ್ತೆ ಚಿಂದಿಯೇ ಆಗಿ, ಒಲೆ ಒರೆಸಿ, ತಿಪ್ಪೆ ಸೇರುತ್ತದೆ. ಎಂಬತ್ತು ತೊಂಬತ್ತರ ದಶಕದಲ್ಲಿ ಅಚ್ಚಿನ ಲೋಕ ನಮ್ಮ ಸಣ್ಣ ಊರುಗಳಿಗೆ ಬಂದಾಗ ತಾಯಂದಿರು ಅದನ್ನು ಹೇಗೆ ತಮ್ಮದಾಗಿಸಿಕೊಂಡರು ಎಂಬುದಕ್ಕೆ ಇವಕ್ಕಿಂತ ನೇರವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಸಂಜೆ ಹುಮನಾಬಾದಿಗೆ ಮರಳಿದಾಗ ಮನೆಯಲ್ಲಿ ವಾದ ನಡೆದಿತ್ತು. ಹೊಲಿದದ್ದು ಯಾವ ವರ್ಷ ಎಂದು ನಾನು ಬೆಳಿಗ್ಗೆ ಕೇಳಿ ಹೋಗಿದ್ದೆ. ಗೆಳೆಯ 1994 ಎನ್ನುತ್ತಾನೆ, ಅಕ್ಕ ಅದಕ್ಕಿಂತ ಮೊದಲು ಎನ್ನುತ್ತಾರೆ. ಆಯಿ ರೊಟ್ಟಿ ಬಡಿಯುತ್ತ ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಅಲ್ಲಿಂದಲೇ ಹೇಳಿದರು: “ಭೂಕಂಪದಾಗ ಇದು ಇತ್ತು.”

1993ರ ಸೆಪ್ಟೆಂಬರ್ 30. ನಸುಕಿನ ನಾಲ್ಕಕ್ಕೆ ನಾಲ್ಕು ನಿಮಿಷವಿತ್ತು. ಲಾತೂರಿನ ಕಿಲ್ಲಾರಿಯಲ್ಲಿ ನೆಲ ಬಿರಿದು ಸುಮಾರು ಹತ್ತು ಸಾವಿರ ಜನ ಸತ್ತರು. ಗಡಿಯ ಈಚೆಗಿನ ಬಸವಕಲ್ಯಾಣ, ಹುಮನಾಬಾದ್ ಎಲ್ಲವೂ ನಡುಗಿದವು. ಹಿಂದಿನ ದಿನವಷ್ಟೇ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ದಣಿದು ಬಂದು ಮಲಗಿದ್ದ ಊರು ಅದು. ತಗಡು ಸದ್ದು ಮಾಡಿತು, ಅಡುಗೆಮನೆಯ ಗಡಿಗೆಗಳು ಉರುಳಿದವು. ಆಯಿ ಮಗನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು. ಮಗನ ಕೈಯಲ್ಲಿ ಇದು. ಆಮೇಲೆ ಎಷ್ಟೋ ರಾತ್ರಿ ಓಣಿಯವರೆಲ್ಲ ಬಯಲಲ್ಲೇ ಕೌದಿ ಹಾಸಿ ಮಲಗಿದರು. ನೆಲ ಮತ್ತೆ ಅಲುಗಿತೆಂದು ಯಾರಾದರೂ ಕೂಗಿದರೆ ಓಣಿಯ ಮಕ್ಕಳೆಲ್ಲ ಹುಡುಗನ ಕೌದಿಗೆ ಬಂದು ಸೇರುತ್ತಿದ್ದರಂತೆ, ಡಿಂಗ ಇರುವ ಕಡೆಗೆ. “ಗಣಪ್ಪ ನೀರಿಗಿ ಹೋಗಿದ್ದ. ಅವನ ಇಲಿ ನಮ್ಮನ್ಯಾಗ ಉಳದಿತ್ತು. ನಾನೂ ಕೈ ಮುಗದೀನಿ ಅದಕ್ಕ” ಎಂದರು ಆಯಿ.

ಹಾಗಾದರೆ ಹೊಲಿದದ್ದು 1993ರ ಜನವರಿಯ ಜಾತ್ರೆಯ ಹೊತ್ತಿಗೆ, ಅಥವಾ ಅದರ ಹಿಂದಿನದಕ್ಕೆ. ಅಕ್ಕನೇ ಗೆದ್ದರು. ಗೆಳೆಯ ಒಂದು ಹಾಳೆ ತಂದ. ಬಿಸಿಲಿಗೆ ಇಡಬಾರದು, ತೊಳೆಯಬಾರದು, ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಬೇಕು, ಮಡಿಕೆ ಬೀಳುವ ಕಡೆ ಆಗಾಗ ಬದಲಿಸಬೇಕು ಎಂದು ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಹರಿದ ಕಿವಿಯನ್ನು ಹೊಸ ಬಟ್ಟೆ ಹಾಕಿ ಸರಿಮಾಡಲೇ ಎಂದು ಅಕ್ಕ ಕೇಳಿದರು. ಬೇಡ, ಹರಿದದ್ದು ಹೆಚ್ಚದಂತೆ ಅಂಚಿಗೆ ಎರಡು ಹೊಲಿಗೆ ಸಾಕು ಎಂದೆ. ಆಯಿ ಒಪ್ಪಿದರು.

ಹಾಳೆಯ ಮೇಲೆ ಅಕ್ಕ ಬರೆಯತೊಡಗಿದರು. ಹೊಲಿದವರ ಹೆಸರು. ವೀರಭದ್ರೇಶ್ವರ ಜಾತ್ರೆ, ಭೂಕಂಪಕ್ಕೆ ಮೊದಲು. ಮೈ, ಧೋತರ. ಅಂಗಿ, ನನ್ನ ಪರಕಾರ. ಮೇಲುವಸ್ತ್ರ, ಅವ್ವನ ಇಳಕಲ್ ಸೀರೆ. ಬೆನ್ನು ಮತ್ತು ಬಾಲ, ಅಪ್ಪನ ಖಾಕಿ. ಕಣ್ಣಿನ ಹತ್ತಿರ ಪೆನ್ನು ನಿಂತಿತು. ಕನ್ನಡಿ ಕೂರಿಸಿದ ಆ ಲಂಬಾಣಿ ಹೆಣ್ಣುಮಗಳ ಹೆಸರು ಯಾರಿಗೂ ನೆನಪಿರಲಿಲ್ಲ. ಬರೆಯದೆ ಬಿಡಬೇಡ, ತಾಂಡಾಕ್ಕೆ ಹೋಗಿ ಕೇಳಿಕೊಂಡು ಬಾ, ಅವಳ ಮಗಳು ಅಲ್ಲೇ ಇದ್ದಾಳೆ ಎಂದು ಆಯಿ ಮಗನಿಗೆ ಹೇಳಿದರು. ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.